ಕೊನೆಯಲ್ಲಿ ಬಂದ ‘ಮೈ’

೧೯೯೮ರ ನವೆಂಬರಿನಲ್ಲಿ ನಾನು ಕುವೈತಿನ ಜಹ್ರಾದಿಂದ ನಲವತ್ತು ಕಿಲೋಮೀಟರ್ ಆಚೆಗಿದ್ದ ಒಂದು ಪೈಪ್‌ಲೈನ್ ಕ್ಯಾಂಪಿನ ಕ್ಲಿನಿಕ್ಕಿನಲ್ಲಿ ಮೇಲ್ ನರ್ಸ್ ಆಗಿದ್ದೆ. ಕ್ಲಿನಿಕ್ ಎಂದರೆ ದೊಡ್ಡದೇನಲ್ಲ. ಎರಡು ಪೋರ್ಟಾ ಕ್ಯಾಬಿನ್‌ಗಳನ್ನು ಜೋಡಿಸಿ ಮಾಡಿದ ಜಾಗ. ಎರಡು ಮಂಚ, ಒಂದು ಆಕ್ಸಿಜನ್ ಸಿಲಿಂಡರ್, ಔಷಧದ ಕಪಾಟು, ಒಬ್ಬ ಡಾಕ್ಟರ್ ಮತ್ತು ನಾನು. ಸುತ್ತಲಿನ ಬ್ಯಾರಕ್ಕುಗಳಲ್ಲಿ ಒಂಬೈನೂರು ಕೆಲಸಗಾರರು. ಏನಾದರೂ ಹೆಚ್ಚುಕಮ್ಮಿಯಾದರೆ ಜಹ್ರಾದ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಮುಕ್ಕಾಲು ಗಂಟೆ ಬೇಕು. ಮರಳುಗಾಳಿ ಎದ್ದ ದಿನ ಅದರ ಎರಡರಷ್ಟು.

ಡಾಕ್ಟರ್ ಈಜಿಪ್ಟಿನವರು, ಹೆಸರು ಹಾನಿ. ಅರಬ್ಬಿಯಲ್ಲಿ ಅದಕ್ಕೆ ಒಳ್ಳೆಯ ಅರ್ಥವೇ ಇದೆ. ಆದರೆ ಬಾಗಿಲ ಮೇಲೆ ‘ಡಾಕ್ಟರ್ ಹಾನಿ’ ಎಂಬ ಬೋರ್ಡು ನೋಡಿ ಒಳಗೆ ಹೋಗಲು ನಮ್ಮ ಕನ್ನಡದವರಿಗೆ ಸ್ವಲ್ಪ ಧೈರ್ಯ ಬೇಕಾಗುತ್ತಿತ್ತು. ಮನುಷ್ಯ ಮಾತ್ರ ಬಂಗಾರ. ಕೋಪ ಬಂದರೆ ಐದು ನಿಮಿಷ ಮಾತಾಡದೆ ಕೂರುತ್ತಿದ್ದರು, ಅಷ್ಟೇ.

ನನ್ನ ಮನೆ ಖೈತಾನಿನಲ್ಲಿ. ಬೆಳಿಗ್ಗೆ ಕಂಪನಿಯ ಬಸ್ಸು ನನ್ನನ್ನು ಹತ್ತಿಸಿಕೊಂಡು, ಫರ್ವಾನಿಯಾದಲ್ಲಿ ಇನ್ನಷ್ಟು ಜನರನ್ನು ತುಂಬಿಕೊಂಡು ಹೊರಡುತ್ತಿತ್ತು. ಅಲ್ಲಿ ಹತ್ತುತ್ತಿದ್ದ ಹಮೀದಾಕ ಕ್ಯಾಂಪಿನ ಸ್ಟೋರ್ ಕೀಪರ್, ಬಂಟ್ವಾಳ ಕಡೆಯ ಬ್ಯಾರಿ. ನಾನು ಕಿನ್ನಿಗೋಳಿಯ ಕ್ರಿಶ್ಚಿಯನ್. ನಮ್ಮ ಮಾತು ತುಳುವಿನಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳಿ ಹಿಂದಿಯಲ್ಲಿ ಮುಗಿಯುತ್ತಿತ್ತು. ನಾನು ಕುವೈತಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಯುದ್ಧದ ಸಮಯದ ಒಂದೂವರೆ ವರ್ಷ ಕಳೆದರೆ ಹನ್ನೆರಡೂವರೆ. ಅಷ್ಟರಲ್ಲಿ ನಾನು ಮಲಯಾಳ, ಉರ್ದು, ಅರಬ್ಬಿ ಎಲ್ಲವನ್ನೂ ಕೆಲಸಕ್ಕೆ ಬೇಕಾಗುವಷ್ಟು ಕಲಿತಿದ್ದೆ. ಭಾಷೆ ಕಲಿಯುವುದರಲ್ಲಿ ನನ್ನನ್ನು ಮೀರಿಸುವವರು ಕ್ಯಾಂಪಿನಲ್ಲಿ ಇಲ್ಲ ಎಂಬ ಜಂಬ ನನಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ನಡೆದದ್ದಕ್ಕೆಲ್ಲ ಆ ಜಂಬವೇ ಕಾರಣ.

ಆ ವರ್ಷ ವೆಲ್ಡಿಂಗ್ ಮತ್ತು ಪೈಪ್ ಫಿಟ್ಟಿಂಗ್ ಕೆಲಸಕ್ಕೆ ಥಾಯ್ಲೆಂಡಿನಿಂದ ಜನರನ್ನು ತರಿಸಿದರು. ಒಳ್ಳೆಯ ಕೆಲಸಗಾರರು, ನಗುಮುಖದವರು. ಆದರೆ ಹೊಟ್ಟೆನೋವು ಎನ್ನಲೂ ಅವರಿಗೆ ಇಂಗ್ಲಿಷ್ ಬಾರದು, ಎಲ್ಲಿ ನೋವು ಎಂದು ಕೇಳಲು ನಮಗೆ ಥಾಯ್ ಬಾರದು. ಒಬ್ಬ ಕಿವಿನೋವಿಗೆ ಬಂದವನಿಗೆ ಡಾಕ್ಟರ್ ಹಲ್ಲು ಪರೀಕ್ಷೆ ಮಾಡಿ ಕಳುಹಿಸಿದ ದಿನ ನಾನು ಥಾಯ್ ಕಲಿಯಲೇಬೇಕೆಂದು ನಿರ್ಧರಿಸಿದೆ.

ಗುರುವಾಗಿ ಸಿಕ್ಕಿದವನು ಅವರ ಮೆಸ್ಸಿನ ಅಡುಗೆಯವ ಬುನ್. ಐವತ್ತರ ಆಸುಪಾಸು, ಹಿಂದೆ ಎರಡು ದೇಶಗಳಲ್ಲಿ ದುಡಿದಿದ್ದರಿಂದ ಮುರುಕು ಇಂಗ್ಲಿಷ್ ಗೊತ್ತಿತ್ತು. ಅವರಲ್ಲಿ ಹಿರಿಯರ ಹೆಸರಿಗೆ ಮೊದಲು ‘ಫೀ’ ಎಂದು ಸೇರಿಸಬೇಕು, ಅಣ್ಣ ಅಂದಂತೆ. ನನ್ನ ನಾಲಿಗೆಯಲ್ಲಿ ಅದು ‘ಪೀ ಬುನ್’ ಆಯಿತು. ತುಳುವಿನಲ್ಲಿ ‘ಪೀ’ ಎಂದರೆ ಹೇಲು; ತುಳು ಬಲ್ಲವರಿಗೆ ಈ ಗೌರವದ ಮಾತು ಹೇಗೆ ಕೇಳಿಸುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ. ಹಮೀದಾಕ ಮೊದಲ ಸಲ ಕೇಳಿದಾಗ ಸ್ಟೋರಿನ ಕೌಂಟರು ಹಿಡಿದುಕೊಂಡು ನಕ್ಕರು.

“ಎಂತ ಪೊರ್ಬುಗಳೇ, ದಿನಾ ಅನ್ನ ಬೇಯಿಸಿ ಹಾಕುವವನನ್ನು ಹಾಗೆ ಕರೆಯುವುದಾ?” ಎಂದರು. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಪೊರ್ಬುಗಳು ಎಂದೇ ಕರೆಯುವುದು.

ನಾನು ಸೋಲಲಿಲ್ಲ. ಊಟದ ಬಿಡುವಿನಲ್ಲಿ ನೋಟ್‌ಬುಕ್ ಹಿಡಿದು ಮೆಸ್ಸಿನ ಹಿಂಬಾಗಿಲಿಗೆ ಹೋಗುತ್ತಿದ್ದೆ. ಬುನ್ ಬೆಳ್ಳುಳ್ಳಿ ಜಜ್ಜುತ್ತಾ ಪದ ಹೇಳುತ್ತಿದ್ದ, ನಾನು ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಿದ್ದೆ. ಒಂದು ವಾರದೊಳಗೆ ನನಗೆ ಹುಚ್ಚು ಹಿಡಿದಂತಾಯಿತು. ಏಕೆಂದರೆ ಆ ಭಾಷೆಯಲ್ಲಿ ನಮ್ಮ ಪದಗಳು ಸಿಗತೊಡಗಿದವು. ರೋಗಕ್ಕೆ ‘ರೋಕ್’. ವೇಳೆಗೆ ‘ವೇಲಾ’. ಆಹಾರಕ್ಕೆ ‘ಆಹಾನ್’. ಭಾಷೆಗೆ ‘ಫಾಸಾ’. ಪಾಠ ಹೇಳುವವನಿಗೆ ‘ಖ್ರೂ’ ಎನ್ನುತ್ತಾರೆಂದು ಬುನ್ ಹೇಳಿದಾಗ, ಅದು ನಮ್ಮ ಗುರುವೇ ಎಂದು ಹೊಳೆದು ನಾನು ಕುಳಿತಲ್ಲಿಂದ ಎದ್ದುಬಿಟ್ಟೆ. ಮರುಭೂಮಿಯ ನಡುವೆ, ಮೀನಿನ ಸಾಸಿನ ವಾಸನೆಯ ಆ ಅಡುಗೆಮನೆಯಲ್ಲಿ ನನಗಾದ ಸಂತೋಷ ಇಷ್ಟೆಂದು ಹೇಳಲಾರೆ. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ಮಕ್ಕಳಿಗೂ ಅದನ್ನೇ ಹೇಳುತ್ತಿದ್ದೆ. ನಾನು ಕೊಂಕಣಿಯಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು ಅಪ್ಪನ ಥಾಯ್ ಕೇಳಿ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಥಾಯ್ ಕೆಲಸಗಾರರು ನನ್ನನ್ನು ‘ಮೋ’ ಎಂದು ಕರೆಯುತ್ತಿದ್ದರು. ಮೋ ಎಂದರೆ ಡಾಕ್ಟರ್. ಅಲ್ಲ ಎಂದು ತಿದ್ದುವ ಮನಸ್ಸು ನನಗೂ ಬರಲಿಲ್ಲ. ‘ಪುವತ್ ಹುವಾ’ ತಲೆನೋವು, ‘ಯಾ’ ಔಷಧ, ‘ಜೆಪ್’ ನೋವಾಗುವುದು, ‘ಮೈ’ ಇಲ್ಲ. ಇಂಜೆಕ್ಷನ್ ಚುಚ್ಚುವ ಮೊದಲು ಅವರು “ಜೆಪ್ ಮೈ, ಮೋ” ಎನ್ನುತ್ತಿದ್ದರು. ಜೆಪ್ ಅಂದರೆ ನೋವು, ಮೈ ಅಂದರೆ ಇಲ್ಲ. ಅಂದಮೇಲೆ ‘ನೋವಿಲ್ಲ’ ಎಂದಾಯಿತಲ್ಲ. ತಮಗೆ ತಾವೇ ಧೈರ್ಯ ಹೇಳಿಕೊಳ್ಳುತ್ತಿದ್ದಾರೆ ಪಾಪ ಎಂದುಕೊಂಡು ನಾನೂ ಬೆನ್ನು ತಟ್ಟಿ “ಜೆಪ್ ಮೈ, ಜೆಪ್ ಮೈ” ಎನ್ನುತ್ತಿದ್ದೆ. ಅವರು ನನ್ನ ಮುಖವನ್ನು ಒಂದು ಥರ ನೋಡುತ್ತಿದ್ದರು. ನನ್ನ ಥಾಯ್ ಕೇಳಿ ಬೆರಗಾಗಿದ್ದಾರೆ ಎಂದು ನಾನು ಎಣಿಸಿದ್ದೆ.

ನವೆಂಬರ್ ಮೊದಲ ವಾರ ಹೊಸದಾಗಿ ಅರವತ್ತನಾಲ್ಕು ಜನ ಥಾಯ್ ಕೆಲಸಗಾರರು ಬಂದಿಳಿದರು. ಬಂದವರಿಗೆಲ್ಲ ಒಂದು ಹಳದಿ ಕಾರ್ಡು ತುಂಬಬೇಕು: ಹೆಸರು, ವಯಸ್ಸು, ರಕ್ತದ ಗುಂಪು, ಹಳೆಯ ಕಾಯಿಲೆ, ಕೊನೆಗೆ ಯಾವುದಾದರೂ ಔಷಧಕ್ಕೆ ಅಲರ್ಜಿ ಇದೆಯೇ ಎಂಬುದು. ಕೆಲವರ ದೇಹಕ್ಕೆ ಪೆನ್ಸಿಲಿನ್‌ನಂಥ ಔಷಧ ಒಗ್ಗುವುದಿಲ್ಲ. ಅಂಥವರಿಗೆ ಅದನ್ನು ಚುಚ್ಚಿದರೆ ಐದೇ ನಿಮಿಷದಲ್ಲಿ ಗಂಟಲು ಊದಿ, ರಕ್ತದೊತ್ತಡ ಕುಸಿದು ಜೀವ ಹೋಗಬಹುದು. ಆದ್ದರಿಂದ ಕಾರ್ಡಿನ ಆ ಕೊನೆಯ ಸಾಲೇ ಎಲ್ಲಕ್ಕಿಂತ ಮುಖ್ಯ.

ಬುನ್ ನನ್ನ ಪಕ್ಕ ದುಭಾಷಿಯಾಗಿ ಕುಳಿತ. ಮೊದಲಿನ ಗುಂಪುಗಳು ಬಂದಾಗ ಅವನು ಅವರನ್ನು ಕೇಳಿ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಈ ಸಲ ನಾನು ತಡೆದೆ. “ನೋ ಇಂಗ್ಲಿಷ್, ಫೀ ಬುನ್. ಐ ಅಂಡರ್‌ಸ್ಟ್ಯಾಂಡ್ ಥಾಯ್ ನೌ,” ಎಂದೆ. ಬುನ್ ಕೈಮುಗಿದು ನಕ್ಕ. ಅವನು ಒಬ್ಬೊಬ್ಬರನ್ನೇ ಮಾತಾಡಿಸುತ್ತಿದ್ದ. ಹೆಸರು, ವಯಸ್ಸು ನನಗೆ ತಿಳಿಯುತ್ತಿತ್ತು. ಕೊನೆಯಲ್ಲಿ “ಫೇ ಯಾ ಮೈ” ಎನ್ನುತ್ತಿದ್ದ. ‘ಫೇ ಯಾ’ ಔಷಧದ ಅಲರ್ಜಿ, ‘ಮೈ’ ಇಲ್ಲ. ಅಲರ್ಜಿ ಇಲ್ಲ ಎಂದು ಬುನ್ ನನಗೆ ಹೇಳುತ್ತಿದ್ದಾನೆ ಎಂದು ತಿಳಿದು ನಾನು ತಕ್ಷಣ ‘ನಿಲ್’ ಎಂದು ಬರೆದು ಮುಂದಿನ ಕಾರ್ಡು ಎಳೆದುಕೊಳ್ಳುತ್ತಿದ್ದೆ. ಎದುರಿಗಿದ್ದವನು ಆಮೇಲೆ ಏನೋ ಗುಣುಗುಟ್ಟುತ್ತಿದ್ದುದು ಕಿವಿಗೆ ಬೀಳುತ್ತಿತ್ತು, ಮನಸ್ಸಿಗೆ ಹೋಗುತ್ತಿರಲಿಲ್ಲ. ಅರವತ್ತನಾಲ್ಕು ಕಾರ್ಡುಗಳು ಎರಡು ಗಂಟೆಯೊಳಗೆ ಮುಗಿದವು. ಡಾಕ್ಟರ್ ಹಾನಿ ಗಡಿಯಾರ ನೋಡಿ ತಲೆದೂಗಿದರು.

ಎಂಟು ದಿನಗಳ ನಂತರ, ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆ. ಪ್ರಸಿತ್ ಎಂಬ ಪೈಪ್ ಫಿಟ್ಟರನ್ನು ಬುನ್ ಹೆಗಲು ಕೊಟ್ಟು ಕರೆತಂದ. ಪ್ರಸಿತ್ ಹೊಸಬರಲ್ಲಿ ಒಬ್ಬ, ಮೂವತ್ತೊಂದು ವರ್ಷ. ಮೂರು ದಿನದ ಹಿಂದೆ ಕಾಲಿಗೆ ಮೊಳೆ ಹೊಕ್ಕಿತ್ತು, ಯಾರಿಗೂ ಹೇಳದೆ ಬೂಟು ಹಾಕಿಕೊಂಡು ಕೆಲಸ ಮಾಡಿದ್ದ. ಈಗ ಪಾದ ಕೆಂಪಾಗಿ, ಊತ ಕಣಕಾಲಿನವರೆಗೂ ಏರಿತ್ತು. ಜ್ವರ ನೂರಮೂರು. ಡಾಕ್ಟರ್ ಗಾಯ ತೊಳೆದು, ಟೆಟನಸ್ ಚುಚ್ಚಿಸಿ, ಕಾರ್ಡು ನೋಡಿದರು. ಅಲರ್ಜಿ: ನಿಲ್. ಕೆಳಗೆ ನನ್ನ ಸಹಿ.

“ಪ್ರೊಕೇನ್ ಪೆನ್ಸಿಲಿನ್, ಇಂಟ್ರಾಮಸ್ಕ್ಯುಲರ್,” ಎಂದು ಸ್ನಾಯುವಿಗೆ ಚುಚ್ಚಲು ಹೇಳಿ ಅವರು ತಮ್ಮ ಕೋಣೆಗೆ ಹೋದರು.

ಪೆನ್ಸಿಲಿನ್ ಕೊಡುವ ಮೊದಲು ಚರ್ಮದೊಳಗೆ ಒಂದು ಹನಿ ಚುಚ್ಚಿ ಪರೀಕ್ಷಿಸುವುದುಂಟು. ಕಾರ್ಡಿನಲ್ಲಿ ‘ನಿಲ್’ ಇದ್ದರೆ ನಮ್ಮ ಕ್ಲಿನಿಕ್ಕಿನಲ್ಲಿ ಅದನ್ನು ಬಿಟ್ಟುಬಿಡುವ ರೂಢಿ ಬೆಳೆದಿತ್ತು. ಅದು ತಪ್ಪು ರೂಢಿ, ಆದರೂ ಇತ್ತು. ನಾನು ಬಾಟಲಿಗೆ ನೀರು ಹಾಕಿ ಅಲುಗಿಸಿ, ಬಿಳಿಯ ದ್ರವವನ್ನು ಸಿರಿಂಜಿಗೆ ಎಳೆದುಕೊಂಡೆ. ಪ್ರಸಿತ್ ಮಂಚದ ಮೇಲೆ ಬೋರಲು ಮಲಗಿ ಪ್ಯಾಂಟು ಸಡಿಲಿಸಿದ. ನಾನು ಸ್ಪಿರಿಟ್ ಹತ್ತಿಯಿಂದ ಒರೆಸಿದೆ.

“ಜೆಪ್ ಮೈ, ಮೋ?” ಎಂದ ಅವನು, ದಿಂಬಿನಲ್ಲಿ ಮುಖವಿಟ್ಟು.

“ಜೆಪ್ ಮೈ, ಜೆಪ್ ಮೈ,” ಎಂದೆ ನಾನು ಎಂದಿನಂತೆ.

ಮಂಚದ ತಲೆಯ ಬಳಿ ನಿಂತಿದ್ದ ಬುನ್‌ಗೆ ನಗು ತಡೆಯಲಾಗಲಿಲ್ಲ. “ಮೋ,” ಎಂದ, “ಹಿ ಆಸ್ಕ್ ಯು, ಪೇನ್ ಆರ್ ನೋ ಪೇನ್? ಯು ಡಾಕ್ಟರ್. ವೈ ಯು ಆಸ್ಕ್ ಹಿಮ್ ಸೇಮ್ ಸೇಮ್?”

“ಐ ನಾಟ್ ಆಸ್ಕ್. ಐ ಸೇ ನೋ ಪೇನ್.”

“ನೋ, ನೋ. ನೋ ಪೇನ್ ಈಸ್ ‘ಮೈ ಜೆಪ್’. ಮೈ ಫಸ್ಟ್. ಯು ಪುಟ್ ಮೈ ಲಾಸ್ಟ್, ದೆನ್ ಕ್ವೆಶ್ಚನ್.”

ಸೂಜಿ ಚರ್ಮದಿಂದ ಒಂದು ಅಂಗುಲ ದೂರದಲ್ಲಿತ್ತು. ನನ್ನ ತಲೆಯಲ್ಲಿ ಎರಡು ಮಾತು ಒಂದರ ಹಿಂದೊಂದು ಬಂದವು. ಜೆಪ್ ಮೈ. ಫೇ ಯಾ ಮೈ. ನಾವು ‘ಇಲ್ಲ’ವನ್ನು ಮಾತಿನ ಕೊನೆಗೆ ಇಡುವವರು: ನೋವಿಲ್ಲ, ಜ್ವರವಿಲ್ಲ, ಅಲರ್ಜಿ ಇಲ್ಲ. ಅದೇ ಅಭ್ಯಾಸದಲ್ಲಿ ಕೊನೆಗೆ ಬಂದ ‘ಮೈ’ಯನ್ನೆಲ್ಲ ನಾನು ‘ಇಲ್ಲ’ ಎಂದುಕೊಂಡಿದ್ದೆ. ಬುನ್ ಅಂದು ನನಗೆ ಉತ್ತರ ಹೇಳುತ್ತಿರಲಿಲ್ಲ. ಅವರಿಗೆ ಪ್ರಶ್ನೆ ಕೇಳುತ್ತಿದ್ದ. ನಾನು ಪ್ರಶ್ನೆಯನ್ನೇ ಉತ್ತರವೆಂದು ಬರೆದುಕೊಂಡಿದ್ದೆ, ಒಂದಲ್ಲ, ಅರವತ್ತನಾಲ್ಕು ಸಲ.

ಸಿರಿಂಜನ್ನು ಟ್ರೇಯಲ್ಲಿ ಇಟ್ಟೆ. ಇಟ್ಟ ಸದ್ದು ನನಗೇ ಜೋರಾಗಿ ಕೇಳಿಸಿತು.

“ಫೀ ಬುನ್, ಆಸ್ಕ್ ಹಿಮ್ ಅಗೈನ್. ಫೇ ಯಾ ಮೈ. ಆಸ್ಕ್ ಪೆನ್ಸಿಲಿನ್.”

ಬುನ್ ಕೇಳಿದ. ಪ್ರಸಿತ್ ತಲೆಯೆತ್ತಿ ಒಂದೇ ಪದ ಹೇಳಿದ: “ಫೇ.”

ಅವರಲ್ಲಿ ಹೌದು ಎನ್ನಲು ಆ ಕ್ರಿಯಾಪದವನ್ನೇ ತಿರುಗಿ ಹೇಳುತ್ತಾರೆ. ನಾವು “ಊಟ ಮಾಡಿದೆಯಾ?” ಎಂದರೆ “ಮಾಡಿದೆ” ಎನ್ನುವುದಿಲ್ಲವೇ, ಹಾಗೆ. ಫೇ ಎಂದರೆ ಅಲರ್ಜಿ ಇದೆ. ಪ್ರಸಿತ್ ಪ್ಯಾಂಟಿನ ಜೇಬಿನಿಂದ ಪರ್ಸು ತೆಗೆದು, ಅದರೊಳಗಿಂದ ಮಡಿಸಿ ಮಡಿಸಿ ಮೆತ್ತಗಾದ ಒಂದು ಕಾಗದ ಕೊಟ್ಟ. ಊರಿನ ಆಸ್ಪತ್ರೆಯವರು ಥಾಯ್ ಅಕ್ಷರದಲ್ಲಿ ಬರೆದುಕೊಟ್ಟದ್ದು. ಬುನ್ ಓದಿ ಹೇಳಿದ: ಸೈನ್ಯದಲ್ಲಿದ್ದಾಗ ಪೆನ್ಸಿಲಿನ್ ಚುಚ್ಚಿ ಉಸಿರು ನಿಂತುಹೋಗಿ, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದ, ಇನ್ನೊಮ್ಮೆ ಕೊಡಲೇಬಾರದು.

ನಾನು ಡಾಕ್ಟರ್ ಹಾನಿಯವರನ್ನು ಕೂಗಿ ಕರೆದೆ. ಅವರು ಕಾಗದ ನೋಡಿ, ಟ್ರೇಯಲ್ಲಿದ್ದ ತುಂಬಿದ ಸಿರಿಂಜು ನೋಡಿ, ಕುರ್ಚಿಯ ಮೇಲೆ ಕುಳಿತರು. “ಅಲ್‌ಹಮ್ದುಲಿಲ್ಲಾ,” ಎಂದು ದೇವರನ್ನು ಎರಡು ಸಲ ನೆನೆದರು. ಪೆನ್ಸಿಲಿನ್ ಬದಲು ಎರಿಥ್ರೊಮೈಸಿನ್ ಬರೆದರು. ಆಮೇಲೆ ಎದ್ದು ಬಂದು ನನ್ನ ಎರಡೂ ಭುಜ ಹಿಡಿದರು.

“ಫೆಲಿಕ್ಸ್, ಯುವರ್ ಥಾಯ್ ಸೇವ್ಡ್ ದಿಸ್ ಮ್ಯಾನ್. ಶನಿವಾರದ ಸೇಫ್ಟಿ ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿಸುತ್ತೇನೆ,” ಎಂದರು ಇಂಗ್ಲಿಷಿನಲ್ಲಿ.

ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಪ್ರಸಿತನ ಕಾರ್ಡು ತೆಗೆದುಕೊಂಡು ‘ನಿಲ್’ ಮೇಲೆ ಕೆಂಪು ಪೆನ್ನಿನಲ್ಲಿ ‘ಪೆನ್ಸಿಲಿನ್ ಅಲರ್ಜಿ’ ಎಂದು ದಪ್ಪಕ್ಷರದಲ್ಲಿ ಬರೆದೆ. ಕೆಳಗಿನ ಅಕ್ಷರ ಕಾಣದಂತೆ ಬರೆದೆ. ಕೆಲಸ ಉಳಿಯಿತು, ಮರ್ಯಾದೆ ಉಳಿಯಿತು, ಮನುಷ್ಯನೂ ಉಳಿದ. ಇನ್ನೇನು ಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ಕಾರ್ಡನ್ನು ತಿರುಗಿ ಇಡಲು ಪೆಟ್ಟಿಗೆ ತೆರೆದಾಗ ಉಳಿದ ಅರವತ್ತಮೂರು ಕಾರ್ಡುಗಳು ಸಾಲಾಗಿ ನಿಂತಿದ್ದವು. ಎಲ್ಲದರಲ್ಲೂ ನನ್ನದೇ ಕೈಬರಹದ ‘ನಿಲ್’. ಅವರಲ್ಲಿ ಎಷ್ಟು ಜನ ‘ಫೇ’ ಎಂದಿದ್ದರೋ ನನಗೆ ಗೊತ್ತಿರಲಿಲ್ಲ. ಅವರೆಲ್ಲ ಆ ಹೊತ್ತಿಗೆ ಸೈಟಿನಲ್ಲಿ ಪೈಪುಗಳ ಮೇಲೆ ಹತ್ತಿ ಕುಳಿತಿದ್ದರು. ಯಾರಿಗಾದರೂ ಪೆಟ್ಟಾಗಿ, ನಾನು ರಜೆಯಲ್ಲಿದ್ದು, ಬೇರೆ ಯಾರೋ ಆ ಕಾರ್ಡನ್ನು ನಂಬಿ ಚುಚ್ಚಿದರೆ? ಅವರನ್ನು ಸೈಟಿನಿಂದ ತಿರುಗಿ ಕರೆಸಿ ಕೇಳಬೇಕಾದರೆ ಡಾಕ್ಟರ ಒಪ್ಪಿಗೆ ಬೇಕು, ಒಪ್ಪಿಗೆ ಬೇಕಾದರೆ ಕಾರಣ ಹೇಳಬೇಕು.

ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗಿ ಅವರ ಮೇಜಿನ ಮೇಲೆ ಇಟ್ಟೆ. “ಡಾಕ್ಟರ್, ನನ್ನ ಥಾಯ್ ಅವನನ್ನು ಉಳಿಸಲಿಲ್ಲ. ನನ್ನ ಥಾಯ್ ಅವನನ್ನು ಕೊಲ್ಲುವುದಿತ್ತು,” ಎಂದೆ. ಒಂದು ‘ಮೈ’ಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕೆಂಪು ಅಕ್ಷರದ ಕೆಳಗೆ ಏನಿದೆ ಎಂಬುದನ್ನೂ ಹೇಳಿದೆ.

ಅವರು ಮಾತಾಡದೆ ಕುಳಿತರು. ಕೆಲಸ ಹೋಯಿತು ಎಂದುಕೊಂಡೆ. ಅಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾ ರದ್ದಾಗುವುದು, ಮಕ್ಕಳನ್ನು ಶಾಲೆ ಬಿಡಿಸುವುದು, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂತು. ಕೊನೆಗೆ ಅವರು ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಹೌ ಮೆನಿ?”

“ಅರವತ್ತಮೂರು.”

“ಯಲ್ಲಾ,” ಎಂದರು, ನಡಿ ಎನ್ನುವ ಅರ್ಥದಲ್ಲಿ. “ಟುಡೇ. ಆಲ್. ಇನ್ಸಿಡೆಂಟ್ ರಿಜಿಸ್ಟರಿನಲ್ಲಿ ನೀನೇ ಬರೆ, ನಿನ್ನ ಕೈಯಿಂದ. ಟೆಸ್ಟ್ ಡೋಸ್ ಬಿಟ್ಟದ್ದು ನನ್ನ ತಪ್ಪು, ಅದನ್ನು ನಾನು ಬರೆಯುತ್ತೇನೆ.”

ಆ ಸಂಜೆ ಐದು ಗಂಟೆಗೆ ಸೈಟಿನ ಬಸ್ಸುಗಳು ನೇರವಾಗಿ ಮೆಸ್ಸಿನ ಮುಂದೆ ಬಂದು ನಿಂತವು. ಬುನ್ ಅಡುಗೆಯನ್ನು ಬೇರೆಯವರಿಗೆ ಒಪ್ಪಿಸಿ ನನ್ನ ಪಕ್ಕ ಕುಳಿತ. ಈ ಸಲ ನಾನೇ ಹೇಳಿದೆ: “ಇಂಗ್ಲಿಷ್, ಫೀ ಬುನ್, ಇಂಗ್ಲಿಷ್ ಪ್ಲೀಸ್.” ಅವನು ಕೇಳುತ್ತಿದ್ದ, ಎದುರಿಗಿದ್ದವನು ಉತ್ತರಿಸುವ ತನಕ ನಾನು ಪೆನ್ನು ಎತ್ತುತ್ತಿರಲಿಲ್ಲ. “ಮೈ ಫೇ, ಮೈ ಫೇ” ಎಂದು ಒಬ್ಬೊಬ್ಬರೇ ಹೇಳಿ ಹೋಗುತ್ತಿದ್ದರು. ಪ್ರತಿಯೊಂದು ‘ಮೈ’ ಮೊದಲು ಬಂದಾಗಲೂ ನನ್ನ ಎದೆ ಹಗುರವಾಗುತ್ತಿತ್ತು. ಇಪ್ಪತ್ತೇಳನೆಯವನು, ತೆಳ್ಳಗಿನ ಒಬ್ಬ ವೆಲ್ಡರ್, “ಫೇ” ಎಂದ. ಅವನಿಗೆ ಸಲ್ಫಾ ಔಷಧ ಆಗುತ್ತಿರಲಿಲ್ಲ. ಐವತ್ತನೆಯವನ ಹತ್ತಿರ ಬಂದಾಗ ಇನ್ನು ಯಾರೂ ಇರಲಾರರು ಎಂದುಕೊಂಡಿದ್ದೆ. ಅವನೂ “ಫೇ” ಎಂದ. ಪೆನ್ಸಿಲಿನ್. ಏಳು ಗಂಟೆಗೆ ಕೊನೆಯ ಕಾರ್ಡು ಮುಗಿದಾಗ ಡಾಕ್ಟರ್ ಹಾನಿ ಬಂದು ಆ ಎರಡು ಕಾರ್ಡುಗಳನ್ನು ಕೈಯಲ್ಲಿ ಹಿಡಿದು ನೋಡಿದರು. “ಖಲಾಸ್, ಮುಗಿಯಿತು,” ಎಂದು ಹೇಳಿ ಒಂದು ತಟ್ಟೆ ಅನ್ನ ಹಾಕಿಸಿಕೊಂಡು ನನ್ನ ಎದುರೇ ಕುಳಿತು ಉಂಡರು. ಅದು ಅವರ ಕ್ಷಮೆ ಎಂದು ನನಗೆ ಅರ್ಥವಾಯಿತು. ಆ ದಿನ ನಾನು ಉಂಡ ಅನ್ನದಷ್ಟು ರುಚಿಯ ಅನ್ನ ಇನ್ನೊಂದು ನೆನಪಿಲ್ಲ.

ಶನಿವಾರದ ಸೇಫ್ಟಿ ಮೀಟಿಂಗಿನಲ್ಲಿ ನಡೆದದ್ದನ್ನು ನಡೆದಂತೆಯೇ ನಾನು ಹೇಳಿದೆ. ಬುನ್ ಥಾಯ್‌ಗೆ ತಿರುಗಿಸಿದ. ‘ಜೆಪ್ ಮೈ’ ಭಾಗ ಬಂದಾಗ ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೂಜಿ ಹಿಡಿದು ನಿಂತ ಮನುಷ್ಯ ನಮ್ಮನ್ನೇ ನೋವಾಗುತ್ತದಾ, ನೋವಾಗುತ್ತದಾ ಎಂದು ಕೇಳುತ್ತಿದ್ದನಲ್ಲ ಎಂದು ತಿಂಗಳುಗಟ್ಟಲೆ ಬ್ಯಾರಕ್ಕಿನಲ್ಲಿ ಅದೇ ತಮಾಷೆಯಾಗಿತ್ತಂತೆ. ಸಂಜೆ ಬಸ್ಸಿನಲ್ಲಿ ಹಮೀದಾಕ ನನ್ನ ಪಕ್ಕ ಬಂದು ಕುಳಿತರು.

“ಹಾರ ಹಾಕಿಸಿಕೊಳ್ಳುವ ದಿನ ನೀವೇ ಹೋಗಿ ತಪ್ಪು ಒಪ್ಪಿಕೊಂಡಿರಲ್ಲ ಮಾರಾಯ್ರೆ. ನಿಮಗೆ ಮಂಡೆ ಸರಿ ಉಂಟಾ?” ಎಂದರು. ಬಸ್ಸು ಹೊರಟ ಮೇಲೆ, “ಆ ಇಬ್ಬರು ಸಿಕ್ಕಿದ್ದು ದೊಡ್ಡದು ಆಯ್ತಾ. ಬೇರೆ ಎಂತದೂ ಮಂಡೆಗೆ ಹಾಕ್ಕೊಳ್ಬೇಡಿ,” ಎಂದರು.

ನಾನು ಥಾಯ್ ಕಲಿಯುವುದನ್ನು ಬಿಡಲಿಲ್ಲ. ಇನ್ನೂ ಹನ್ನೊಂದು ವರ್ಷ ಕುವೈತಿನಲ್ಲಿದ್ದೆ. ಅಕ್ಷರ ಕಲಿತೆ, ರಾಗ ಕಲಿತೆ. ಮೊದಲು ಬರುವ, ‘ಇಲ್ಲ’ ಎನ್ನುವ ಮೈಯ ಸ್ವರ ಇಳಿಯುತ್ತದೆ, ಕೊನೆಗೆ ಬರುವ, ಪ್ರಶ್ನೆಯ ಮೈಯ ಸ್ವರ ಏರುತ್ತದೆ ಎಂದು ಬುನ್ ಸೌಟಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದ. ಆಮೇಲೆ ಯಾವ ಭಾಷೆಯವರು ಬಂದರೂ ನಾನು ಅಲರ್ಜಿಯ ಪ್ರಶ್ನೆಯನ್ನು ಎರಡು ರೀತಿಯಲ್ಲಿ ಕೇಳುತ್ತಿದ್ದೆ, ಬರೆದದ್ದನ್ನು ಅವರಿಗೇ ಓದಿ ಹೇಳುತ್ತಿದ್ದೆ. ನನ್ನ ಕೈಕೆಳಗೆ ಬಂದ ಹೊಸ ನರ್ಸ್‌ಗಳಿಗೂ ಅದನ್ನೇ ಕಲಿಸಿದೆ.

ಆದರೆ ಈ ವೃತ್ತಿ ನನಗೆ ಕಲಿಸಿದ ಪಾಠ ಅದಲ್ಲ. ನಿಜವಾದ ಪಾಠ ಹೇಳಿಕೊಟ್ಟವನು ಪ್ರಸಿತ್. ಆ ಬುಧವಾರ ಕಳೆದು ನಾಲ್ಕನೆಯ ದಿನ ಡ್ರೆಸ್ಸಿಂಗಿಗೆ ಬಂದಾಗ ಅವನ ಊತ ಇಳಿದಿತ್ತು. ನನಗೆ ಒಂದು ವಿಷಯ ಕೊರೆಯುತ್ತಿತ್ತು. ಅಂಥ ಕಾಗದ ಪರ್ಸಿನಲ್ಲಿ ಇಟ್ಟುಕೊಂಡವನು ಸೂಜಿ ನೋಡಿಯೂ ಏಕೆ ತಡೆಯಲಿಲ್ಲ ಎಂದು ಬುನ್ ಮೂಲಕ ಕೇಳಿಸಿದೆ. ಪ್ರಸಿತ್ ಸಂಕೋಚದಿಂದ ಬಹಳ ಹೊತ್ತು ಮಾತಾಡಿದ. ಬುನ್ ಕೇಳಿ, ನನ್ನ ಮುಖ ನೋಡದೆ ಹೇಳಿದ:

“ಹಿ ಸೇ, ಅದರ್ ಡಾಕ್ಟರ್ ನೋ ಥಾಯ್, ಹಿ ಶೋ ಪೇಪರ್ ಆಲ್ವೇಸ್. ದಿಸ್ ಮೋ ಸ್ಪೀಕ್ ಥಾಯ್. ಫಸ್ಟ್ ಡೇ ಹಿ ಟೆಲ್, ಮೋ ರೈಟ್ ಇನ್ ಕಾರ್ಡ್. ಸೋ ಹಿ ಥಿಂಕ್, ಮೋ ನೋಸ್. ನೋ ನೀಡ್ ಪೇಪರ್.”

ಭಾಷೆ ಬಾರದವರ ಮುಂದೆ ಅವನು ತನ್ನ ಜೀವವನ್ನು ತಾನೇ ಕಾಯ್ದುಕೊಳ್ಳುತ್ತಿದ್ದ. ನನಗೆ ಭಾಷೆ ಬರುತ್ತದೆ ಎಂದು ನಂಬಿದ್ದರಿಂದ ಕಾಗದವನ್ನು ಜೇಬಿನಲ್ಲೇ ಬಿಟ್ಟು ಬೋರಲು ಮಲಗಿದ.